ಒಣಗಾಲಿನವರ ಕುರ್ಚಿ

ಜವನಮ್ಮನನ್ನು ಆರೈಕೆ ಮನೆಗೆ ಸೇರಿಸಿದ ದಿನ, ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಅವಳು ನನ್ನ ಸೆರಗು ಹಿಡಿದುಕೊಂಡಳು. "ನಿಂಗಾಜಿ, ನಾನು ಹೋಗೋ ಹೊತ್ನಲ್ಲಿ ನೀನು ಪಕ್ಕದಲ್ಲಿರ್ಬೇಕು. ಗುರ್ತಿಲ್ದೋರ ಕೈ ಹಿಡ್ಕಂಡು ನಾನು ಸಾಯಾಕಿಲ್ಲ" ಎಂದಳು. "ಆಯ್ತು ಕಣೆ, ಬಿಡು, ಸೀರೆ ಹರಿದೀಯ" ಎಂದೆ. ಬಿಡಲಿಲ್ಲ. "ಮಾತು ಕೊಡು" ಎಂದಳು. ಕೊಟ್ಟೆ. ಆಮೇಲೆ ಅವಳನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊಸ್ತಿಲ ಈಚೆಗೇ ನಿಂತುಕೊಂಡೆ. ನನ್ನದು ಒದ್ದೆ ಕಾಲು.

ನಮ್ಮ ಊರಿನಲ್ಲಿ ಜೈಲಿಲ್ಲ. ತಪ್ಪು ಮಾಡಿದವನಿಗೆ ನ್ಯಾಯದ ಮನೆಯಲ್ಲಿ ತೀರ್ಪು ಓದುತ್ತಾರೆ. ಅವನು ಮೆಟ್ಟಿಲು ಇಳಿಯುವಾಗಲೇ ಅವನ ಹೆಜ್ಜೆ ಒದ್ದೆಯಾಗಿ ಮೂಡತೊಡಗುತ್ತದೆ. ಕಾಲು ಒರೆಸಿಕೊಂಡರೂ ಅಷ್ಟೇ, ಬಿರುಬೇಸಿಗೆಯಾದರೂ ಅಷ್ಟೇ. ಸಣ್ಣ ತಪ್ಪಿನ ಹೆಜ್ಜೆ ಬೇಗ ಆರುತ್ತದೆ. ತೂಕದಲ್ಲಿ ಮೋಸ ಮಾಡಿದವನದು ಹತ್ತು ಎಣಿಸುವಷ್ಟರಲ್ಲಿ ಕಾಣೆಯಾಗುತ್ತದೆ. ದೊಡ್ಡದು ನಿಲ್ಲುತ್ತದೆ. ಇದಕ್ಕೆಲ್ಲ ಊರು ಎಂದೋ ಹೊಂದಿಕೊಂಡಿದೆ. ಬಾಗಿಲಲ್ಲಿ ಒಂದು ಗೋಣಿಚೀಲ ಹಾಕಿಟ್ಟಿರುತ್ತಾರೆ, ಬಂದವರು ಅದರ ಮೇಲೆ ನಿಂತೇ ಮಾತಾಡಿ ಹೋಗಲಿ ಎಂದು. ಹೆಣ್ಣು ನೋಡಲು ಹೋದವರು ಹುಡುಗಿಗೆ ಹಾಡು ಎನ್ನುವುದಿಲ್ಲ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡಿ ಎನ್ನುತ್ತಾರೆ. ಚಪ್ಪಲಿ ಹಾಕಿಕೊಂಡರೆ ಬೀದಿಯಲ್ಲಿ ಹೇಗೋ ಬದುಕಬಹುದು. ಆದರೆ ಒಳ್ಳೆಯ ಜಾಗ ಅನ್ನಿಸಿಕೊಂಡಿರುವ ಎಲ್ಲ ಕಡೆಗೂ ಚಪ್ಪಲಿ ಬಿಟ್ಟೇ ಹೋಗಬೇಕು, ಅದೇ ಕಷ್ಟ.

ಇನ್ನೊಂದು ಪದ್ಧತಿ ಇದೆ. ಹೆತ್ತವರೋ ಒಡಹುಟ್ಟಿದವರೋ ಆ ಒದ್ದೆ ಗುರುತಿನ ಮೇಲೆ ಬರಿಗಾಲಿಟ್ಟು "ಇದು ನಂದು" ಎಂದರೆ ಸಾಕು, ಒದ್ದೆ ಅವರ ಕಾಲಿಗೆ ಬರುತ್ತದೆ. ಮಾಡಿದವನ ಕಾಲು ಒಣಗುತ್ತದೆ. ಹೆಜ್ಜೆ ತುಳಿಯುವುದು ಎನ್ನುತ್ತೇವೆ. ನ್ಯಾಯ ಹೇಳುವವರು ಇದನ್ನು ಕಂಡೂ ಕಾಣದಂತೆ ಇರುತ್ತಾರೆ. ಒಂದು ತಪ್ಪಿಗೆ ಊರಿನಲ್ಲಿ ಎಲ್ಲೋ ಒಂದು ಜೊತೆ ಒದ್ದೆ ಕಾಲು ಇದ್ದರೆ ಅವರ ಕೆಲಸ ಮುಗಿಯಿತು, ಅದು ಯಾರದೆಂದು ಕೇಳುವುದಿಲ್ಲ. ನಮ್ಮೂರಿನಲ್ಲಿ ಒದ್ದೆ ಕಾಲಿನ ಗಂಡಸರಿಗಿಂತ ಒದ್ದೆ ಕಾಲಿನ ಹೆಂಗಸರೇ ಹೆಚ್ಚು. ಇಲ್ಲಿನ ಹೆಂಗಸರು ಬಹಳ ಕೆಟ್ಟವರು ಎಂದು ಹೊರಗಿನಿಂದ ಬಂದವರು ತಿಳಿದುಕೊಂಡು ಹೋಗುತ್ತಾರೆ.

ನಾನು ತುಳಿದದ್ದು ನನ್ನ ತಮ್ಮ ಶಿವನಂಜನದು. ಅವನಿಗಾಗ ಹತ್ತೊಂಬತ್ತು, ನನಗೆ ಇಪ್ಪತ್ತೆರಡು. ಸೈಕಲ್ ಅಂಗಡಿಯ ಮರಿಯಪ್ಪನ ಜೊತೆ ಏನೋ ಮಾತಿಗೆ ಮಾತು ಬೆಳೆದು, ಕೈಗೆ ಸಿಕ್ಕಿದ ಸ್ಪ್ಯಾನರಿನಲ್ಲಿ ಬೀಸಿದ. ಮರಿಯಪ್ಪನ ಎಡಗಣ್ಣು ಹೋಯಿತು. ತೀರ್ಪಿನ ದಿನ ನಮ್ಮವ್ವ ನ್ಯಾಯದ ಮನೆಯ ಮೆಟ್ಟಿಲ ಕೆಳಗೆ ನನ್ನ ರಟ್ಟೆ ಹಿಡಿದು ನಿಲ್ಲಿಸಿಕೊಂಡಿದ್ದಳು. "ನಾನೇ ತುಳಿದುಬಿಡ್ತಿದ್ದೆ ಮಗ. ನನ್ನ ಕಾಲು ಒದ್ದೆ ಆದ್ರೆ ಸಾವ್ಕಾರರ ಮನೆ ಅಡುಗೆಮನೆಗೆ ಬಿಟ್ಟಾರಾ? ಮೂರೂ ಜನ ಏನು ತಿನ್ನೋದು?" ಎಂದಳು. ಸುಳ್ಳಲ್ಲ, ಅವ್ವನ ಅಡುಗೆ ಕೆಲಸದಿಂದಲೇ ಮನೆ ನಡೆಯುತ್ತಿತ್ತು. ತಮ್ಮ ಮೆಟ್ಟಿಲಿಳಿದು ಬಂದ. ಮೊದಲ ಗುರುತು ಬಿತ್ತು. ಐದು ಬೆರಳೂ ಬಿಡಿಸಿದ ಹಾಗೆ ಚೆನ್ನಾಗಿ ಮೂಡಿತ್ತು. ನಾನು ಚಪ್ಪಲಿ ಬಿಟ್ಟೆ. ನನಗೆ ಗೊತ್ತಾಗಿದ್ದ ಗಂಡು, ತೋಟಗಾರಿಕೆಯವನು, ಮುಂದಿನ ವಾರ ಅವರ ಚಿಕ್ಕಪ್ಪನ ಕೈಲಿ ತಾಂಬೂಲ ವಾಪಸ್ಸು ಕಳಿಸಿದ.

ಒದ್ದೆ ಕಾಲಿನವರು ನೆಲ ಯಾವಾಗಲೂ ಒದ್ದೆಯಿರುವ ಕೆಲಸ ಹುಡುಕಿಕೊಳ್ಳುತ್ತಾರೆ. ಮೀನಂಗಡಿ, ಬಣ್ಣದ ಮನೆ, ಹೋಟೆಲಿನ ಹಿಂಭಾಗ. ನನಗೆ ಸಿಕ್ಕಿದ್ದು ಬಾಟಲಿ ತೊಳೆಯುವ ಶೆಡ್ಡು. ಅಲ್ಲಿ ಎದುರು ತೊಟ್ಟಿಯಲ್ಲಿ ಕೂತಿದ್ದವಳು ಜವನಮ್ಮ. ಅವಳ ಕಾಲು ಒಣಗಿದ್ದೇ. ಗಂಡ ಬಿಟ್ಟು ಹೋಗಿದ್ದ, ಮಕ್ಕಳಿರಲಿಲ್ಲ, ಕೆಲಸ ಬೇಕಿತ್ತು, ಬಂದಿದ್ದಳು. ಇಪ್ಪತ್ತೇಳು ವರ್ಷ ನಾವಿಬ್ಬರೂ ಎದುರುಬದುರು ಕೂತು ಬಾಟಲಿ ತೊಳೆದಿದ್ದೇವೆ. ನನ್ನ ಕತೆ ಪೂರ್ತಿ ಗೊತ್ತಿದ್ದವಳು ಅವಳೊಬ್ಬಳೇ. ಕೇಳಿದ ದಿನ ಅವಳು ಅಯ್ಯೋ ಎನ್ನಲಿಲ್ಲ. "ನಿಮ್ಮವ್ವ ಬುದ್ವಂತೆ ಕಣೆ. ನಿಂಗೆ ಅರ್ಧ ಬುದ್ಧಿ ಕೊಟ್ಟಿದ್ರೂ ನೀನು ಆವತ್ತು ಓಡೋಗ್ತಿದ್ದೆ" ಎಂದಳು. ಮದುವೆ ಮನೆಗಳಿಗೆ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದವಳೂ ಅವಳೇ. ಹಿಂದೆ ಹಿಂದೆ ಸೀರೆಯ ಅಂಚು ಎಳೆದುಕೊಂಡು ಬಂದು ನನ್ನ ಗುರುತು ಅಳಿಸುತ್ತಿದ್ದಳು. ಯಾರಾದರೂ ನೋಡಿದರೆ, "ಏನು ನೋಡ್ತೀರಿ, ನನ್ನ ಸೀರೆ, ನನ್ನಿಷ್ಟ" ಎನ್ನುತ್ತಿದ್ದಳು.

ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾದಾಗ ತಿಂಗಳು ಒಂದೂವರೆ ತಿಂಗಳು ಎಂದರು. ಆರೈಕೆ ಮನೆಗೆ ಸೇರಿಸುವ ಹೊತ್ತಿಗೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ಆರೈಕೆ ಮನೆಯಲ್ಲಿ ಔಷಧಿ, ಗಂಜಿ, ಹಾಸಿಗೆ ಎಲ್ಲ ಇದೆ. ಪ್ರತಿ ಮಂಚದ ಪಕ್ಕ ಒಂದು ಕುರ್ಚಿಯೂ ಇದೆ. ಆ ಕುರ್ಚಿಯಲ್ಲಿ ರಕ್ತಸಂಬಂಧದವರು ಕೂರಬಹುದು. ಯಾರೂ ಇಲ್ಲದವರ ಪಕ್ಕ ಸೇವೆಗೆ ಬಂದವರು ಕೂರುತ್ತಾರೆ. ಸೇವೆಗೆ ಬರುವವರು ಹೆಜ್ಜೆ ನೋಡುವ ಕಚೇರಿಯಿಂದ ಚೀಟಿ ತರಬೇಕು. ಕೆಲವು ವರ್ಷದ ಹಿಂದೆ ಸೇವೆಗೆಂದು ಬಂದವಳೊಬ್ಬಳು ಸಾಯುತ್ತಿದ್ದ ಮುದುಕಿಯ ಓಲೆ ಬಿಚ್ಚಿಕೊಂಡು ಹೋಗಿದ್ದಳಂತೆ. ಆಮೇಲೆ ಈ ನಿಯಮ. ತಪ್ಪೆನ್ನುವುದಿಲ್ಲ. ಸಾಯುವವರು ಕೂಗಿಕೊಳ್ಳಲಾರರು, ಅವರನ್ನು ಯಾರಾದರೂ ಕಾಯಬೇಕು.

ಕಚೇರಿಗೆ ಹೋಗುವ ಹಿಂದಿನ ದಿನ ಪಾದಕ್ಕೆ ಮೇಣದಬತ್ತಿ ಉಜ್ಜಿಕೊಂಡೆ. ನನ್ನ ವಯಸ್ಸಿನ ಹೆಂಗಸು ಮಾಡಬಾರದ ಕೆಲಸ, ಗೊತ್ತು. ಅಲ್ಲಿ ಪುಟ್ಟಸ್ವಾಮಯ್ಯ ಎಂಬ ಗುಮಾಸ್ತರು. ನೆಲಕ್ಕೆ ಉದ್ದಕ್ಕೂ ಕಪ್ಪು ಕಲ್ಲು ಹಾಸಿದೆ, ಕಿಟಕಿಯಿಂದ ಅದರ ಮೇಲೆ ಬಿಸಿಲು ಬೀಳುತ್ತದೆ. ಏಳು ಹೆಜ್ಜೆ ನಡೆಯಬೇಕು. ಅವರು ನನ್ನ ಮುಖ ನೋಡುವ ಮೊದಲೇ ಒಂದು ಟವೆಲ್ಲು ಮುಂದೆ ಹಿಡಿದರು.

"ಮೇಣ ಒರೆಸ್ಕೊಳಿ ಅವ್ವ. ಜಾರಿ ಬಿದ್ರೆ ನನ್ನ ತಲೆ ಮೇಲೆ ಬರ್ತದೆ."

"ಮೇಣ ಅಂತ ಹೆಂಗೆ ಗೊತ್ತಾಯ್ತು?"

"ಹೆಂಗಸ್ರು ಮೇಣ ಹಚ್ಚುತಾರೆ, ಗಂಡಸ್ರು ಹರಳೆಣ್ಣೆ. ಒಬ್ರು ಮೇಷ್ಟ್ರು ಸುಣ್ಣ ಬಳ್ಕೊಂಡು ಬಂದಿದ್ರು, ಪಾದ ಸುಟ್ಟೋಗಿತ್ತು ಪಾಪ." ಅವರು ಪುಸ್ತಕ ತೆರೆದರು. "ಏನಕ್ಕೆ ಚೀಟಿ?"

"ಆರೈಕೆ ಮನೇಲಿ ಸೇವೆಗೆ."

"ಸಂಬಳದ ಕೆಲ್ಸವಾ?"

"ಸಂಬಳ ಇಲ್ಲ. ಪಕ್ಕದಲ್ಲಿ ಕೂತ್ಕೊಳಕ್ಕೆ."

"ಹಂಗಾದ್ರೆ ನಡೀರಿ."

ನಡೆದೆ. ಏಳು ಹೆಜ್ಜೆ. ತಿರುಗಿ ನೋಡಿದರೆ ಕಪ್ಪು ಕಲ್ಲಿನ ಮೇಲೆ ಏಳೂ ಹೊಳೆಯುತ್ತಿದ್ದವು. ಪುಟ್ಟಸ್ವಾಮಯ್ಯನವರು ಗಡಿಯಾರ ನೋಡಿ ಕೂತರು. ಹುಡುಗಿಯೊಬ್ಬಳು ಕಾಫಿ ತಂದಿಟ್ಟು ಹೋದಳು. ಅವರು ನಿಧಾನವಾಗಿ ಕುಡಿದರು, ನನಗೂ ಅರ್ಧ ಬಗ್ಗಿಸಿಕೊಟ್ಟರು. ಇಬ್ಬರ ಕಾಫಿಯೂ ಮುಗಿಯಿತು. ಏಳೂ ಹಾಗೇ ಇದ್ದವು.

"ದೊಡ್ದೇ ಮಾಡಿದ್ದೀರಿ. ಬರ್ಕೋಬೇಕು, ಏನು ಅಂತ ಹೇಳಿ."

"ಒಬ್ಬನ ಕಣ್ಣು ತೆಗೆದೆ."

"ಯಾತರಲ್ಲಿ?"

"ಸ್ಪ್ಯಾನರಿನಲ್ಲಿ."

"ಯಾತಕ್ಕೆ ಜಗಳ ಆಯ್ತು?"

"ನಂಗೊತ್ತಿಲ್ಲ ಸ್ವಾಮಿ. ನಾನು ಅಲ್ಲಿರ್ಲಿಲ್ಲ."

ಅವರ ಪೆನ್ನು ನಿಂತಿತು. "ದಿನಕ್ಕೆ ಮೂರು ಜನ ಇಂಗೇ ಹೇಳ್ತಾರೆ. ಅದನ್ನ ಬರೆಯೋಕೆ ಇದರಲ್ಲಿ ಜಾಗ ಮಾಡಿಲ್ಲ" ಎಂದರು. ಪುಸ್ತಕ ಮುಚ್ಚಿ, ದನಿ ತಗ್ಗಿಸಿ ಒಂದು ದಾರಿ ಹೇಳಿದರು. ಆರೈಕೆ ಮನೆ ಸಮಿತಿಯ ಅಧ್ಯಕ್ಷರು ಕಾರಣ ಬರೆದು ಸಹಿ ಹಾಕಿದರೆ ವಿನಾಯಿತಿ ಉಂಟು. "ಒಳ್ಳೇ ಮನುಷ್ಯ. ಕಷ್ಟ ಹೇಳ್ಕೊಂಡ್ರೆ ಕೇಳ್ತಾರೆ. ಹೋಗಿ ಕಾಲು ಹಿಡ್ಕೊಳಿ" ಎಂದು ಗೋಡೆಯ ಮೇಲಿನ ಫೋಟೋ ತೋರಿಸಿದರು. ನಾನು ನೋಡುವ ಅವಶ್ಯಕತೆ ಇರಲಿಲ್ಲ. ಆ ಹಣೆ ನಮ್ಮಪ್ಪನದು. ಫೋಟೋದ ಕೆಳಗೆ ಶ್ರೀ ಶಿವನಂಜಪ್ಪನವರು ಎಂದು ಬರೆದಿತ್ತು.

ನನ್ನ ತಮ್ಮ ಕೆಟ್ಟವನಾಗಲಿಲ್ಲ. ಒಣಗಿದ ಕಾಲು ಸಿಕ್ಕಿತು, ಓದಿದ, ಸಹಕಾರ ಸಂಘದಲ್ಲಿ ಕೆಲಸಕ್ಕೆ ಸೇರಿದ, ಮ್ಯಾನೇಜರಾದ. ಕುಡಿತ ಇಲ್ಲ, ಬೈಗುಳ ಇಲ್ಲ, ಯಾರ ಮೇಲೂ ಕೈ ಎತ್ತಿದ್ದಿಲ್ಲ. ಆರೈಕೆ ಮನೆಗೆ ಹಂಚು ಹೊದಿಸಿದವನು ಅವನೇ. ಅವನು ಹಾಳಾಗಿ ಹೋಗಿದ್ದರೆ ನನ್ನ ಕಾಲು ಸುಮ್ಮನೆ ಒದ್ದೆಯಾಯಿತಲ್ಲ ಎಂದು ಅಳುತ್ತಿದ್ದೆ. ಚೆನ್ನಾಗಿದ್ದಾನೆ, ಅದಕ್ಕೂ ಒಂದೊಂದು ದಿನ ಹೊಟ್ಟೆ ಉರಿಯುತ್ತದೆ. ಮರಿಯಪ್ಪನೂ ಇದ್ದಾನೆ. ಅವನ ಕಣ್ಣು ತೆಗೆದವರು ಯಾರೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ದಾರಿಯಲ್ಲಿ ತಮ್ಮ ಸಿಕ್ಕಿದರೆ ಕೈಮುಗಿಯುತ್ತಾನೆ, ನಾನು ಸಿಕ್ಕಿದರೆ ನನ್ನ ಕಾಲು ನೋಡಿ ಮುಖ ತಿರುಗಿಸುತ್ತಾನೆ.

ಭಾನುವಾರ ಬೆಳಿಗ್ಗೆ ತಮ್ಮನ ಮನೆಗೆ ಹೋದೆ. ಹೊಸದಾಗಿ ಹಾಲಿನಂಥ ಕಲ್ಲು ಹಾಕಿಸಿದ್ದರು. ಅವನ ಹೆಂಡತಿ ಪ್ರಮೀಳ ಓಡಿ ಬಂದು ಜಗುಲಿಯ ಮೇಲೆ ಗೋಣಿಚೀಲ ಹಾಸಿದಳು. "ಬನ್ನಿ ಅತ್ತಿಗೆ, ಕೂತ್ಕೊಳಿ, ಇಲ್ಲೇ ಗಾಳಿ ಚೆನ್ನಾಗದೆ" ಎಂದಳು. ಮೂವತ್ತು ವರ್ಷದಿಂದ ಆ ಮನೆಯಲ್ಲಿ ನನಗೆ ಚೆನ್ನಾಗಿ ಗಾಳಿ ಬರುವ ಜಾಗ ಒಂದೇ. ತಮ್ಮ ಬಂದ. ಬಂದ ಕೆಲಸ ಹೇಳಿದೆ.

"ಆ ನಿಯಮ ಮಾಡಿದ್ದೇ ನಾನು ಅಕ್ಕ" ಎಂದ.

"ಮಾಡಿದ್ದು ಒಳ್ಳೇದೇ. ವಿನಾಯ್ತಿ ಅಂತ ಒಂದು ಇಟ್ಟಿದ್ದೀಯಂತಲ್ಲ?"

"ವಿನಾಯ್ತಿಗೆ ಕಾರಣ ಬರೀಬೇಕು. ಸಮಿತಿಯವರು ಹನ್ನೊಂದು ಜನ ಓದ್ತಾರೆ. ಏನಂತ ಬರೀಲಿ?"

"ನಿಜ ಬರಿ."

ಪ್ರಮೀಳ ಒಳಗಿನಿಂದ ಲೋಟ ತರುತ್ತಿದ್ದವಳು ಬಾಗಿಲಲ್ಲೇ ನಿಂತಳು. ತಮ್ಮ ಅವಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ನಾನು ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ, ಸ್ಟ್ರೆಚರಿನ ಮೇಲೆ ಕೊಟ್ಟ ಮಾತು ಇತ್ತು. "ಬರೀಬೇಡ ಹಂಗಾದ್ರೆ. ಎಂಟು ದಿವ್ಸ ನೀನಿಟ್ಕೋ. ನಾನು ಇಲ್ಲಿ ಅಂಗಳದಲ್ಲಿ ಒಂದು ಹೆಜ್ಜೆ ಇಡ್ತೀನಿ, ನೀನು ತುಳಿ. ಅವಳು ಅದಕ್ಕಿಂತ ಜಾಸ್ತಿ ದಿನ ಇರಲ್ಲ ಕಣೋ ನಂಜ. ಮುಗಿದ ಮಾರನೇ ದಿನ ಬಂದು ನಾನೇ ವಾಪಸ್ ತುಳಿದುಕೊಂಡು ಹೋಗ್ತೀನಿ."

"ಎಂಟು ದಿನ ಮನೆಯಿಂದ ಆಚೆ ಹೆಂಗೆ ಹೋಗ್ಲಿ?"

"ಜ್ವರ ಅಂತ ಮಲಕ್ಕೋ."

"ನಾನು ಮಲಗಿದ್ರೆ ಊರೆಲ್ಲ ನೋಡಕ್ಕೆ ಬರ್ತದೆ ಅಕ್ಕ."

"ಬರ್ಲಿ. ನೀನು ಮಂಚದಿಂದ ಇಳೀಬೇಡ. ನಾನು ಮೂವತ್ತೊಂದು ವರ್ಷ ಇಟ್ಕಂಡಿದ್ದೀನಿ, ಜ್ವರ ಬಂದಿಲ್ಲ."

ಅವನ ಕಣ್ಣು ತುಂಬಿದವು. ಅವನಿಗೆ ಅಳು ಬೇಗ ಬರುತ್ತದೆ, ಚಿಕ್ಕಂದಿನಿಂದಲೂ. ಮಗಳಿಗೆ ಸಂಬಂಧ ಬಂದಿದೆ, ಗುರುವಾರ ಗಂಡಿನ ಕಡೆಯವರು ಬರುತ್ತಾರೆ ಎಂದ. ಮುಂದಿನ ತಿಂಗಳಾಗಿದ್ದರೆ ಯೋಚನೆ ಮಾಡಬಹುದಿತ್ತು ಎಂದ. "ಮುಂದಿನ ತಿಂಗಳು ಸಾಯಿ ಅಂತ ಅವಳಿಗೆ ಹೇಳ್ಲಾ?" ಎಂದೆ. ಪ್ರಮೀಳ ಲೋಟವನ್ನು ಗೋಣಿಚೀಲದ ಪಕ್ಕ ಇಟ್ಟಳು. "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ನಿಮ್ ತಮ್ಮನೇ ಹೋಗಿ ಆಯಮ್ಮನ್ನ ನೋಡ್ಕೋತಾರೆ. ಅವ್ರು ತಿಂಗಳಿಗೆರಡು ದಿನ ಸೇವೆಗೆ ಕೂರ್ತಾರಲ್ಲ" ಎಂದಳು. ಮಜ್ಜಿಗೆ ಚೆನ್ನಾಗಿತ್ತು. ಕುಡಿದು ಎದ್ದೆ.

ದಾರಿ ತೋರಿಸಿದವಳು ಲೂರ್ದಮ್ಮ, ಆರೈಕೆ ಮನೆಯ ನರ್ಸು. ಮೂರು ದಿನ ನಾನು ಗೇಟಿನ ಹೊರಗೆ ಕೂತಿದ್ದನ್ನು ನೋಡಿ ಅವಳೇ ಬಂದಳು. "ಇಲ್ಲಿ ಕೂತ್ರೆ ಏನಾಗತ್ತಮ್ಮ? ನೆಲ ಒರೆಸೋಳು ಕೆಲ್ಸ ಬಿಟ್ಟಿದ್ದಾಳೆ. ಹೋಗಿ ಉಸ್ತುವಾರಿಯವರನ್ನ ಕೇಳಿ" ಎಂದಳು.

"ನನ್ನ ಕಾಲು..."

"ಅದಕ್ಕೆ ಯಾರೂ ಹೆಜ್ಜೆ ನೋಡಲ್ಲ. ನೆಲ ಒರೆಸೋರ ಹೆಜ್ಜೆ ಒದ್ದೆ ಇಲ್ದೆ ಇನ್ನು ಹೆಂಗಿರತ್ತೆ?"

ಹೀಗೆ ಒಳಗೆ ಹೋದೆ. ಪುಕ್ಕಟೆ ಕೈ ಹಿಡಿದುಕೊಳ್ಳುತ್ತೇನೆ ಎಂದಾಗ ಏಳು ಹೆಜ್ಜೆ ನಡೆಸಿದ್ದರು, ಸಂಬಳಕ್ಕೆ ಬಂದರೆ ಹೆಸರು ಕೂಡ ಎರಡನೇ ಸಲ ಕೇಳಲಿಲ್ಲ. ಬಕೆಟ್ಟು, ಕೋಲು, ಬಟ್ಟೆ ಕೊಟ್ಟು ನಿಯಮ ಹೇಳಿದರು. ಕುರ್ಚಿಯಲ್ಲಿ ಕೂರುವಂತಿಲ್ಲ. ಮಂಚದ ಮೇಲಿನವರನ್ನು ಮುಟ್ಟುವಂತಿಲ್ಲ. ಅವರ ತಲೆಯ ಹತ್ತಿರದ ಗೂಡು ತೆಗೆಯುವಂತಿಲ್ಲ. ಮಾತಿನ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜವನಮ್ಮನದು ಕಿಟಕಿ ಪಕ್ಕದ ಮಂಚ. ಆ ವಾರ್ಡನ್ನು ದಿನಕ್ಕೆ ಎರಡು ಸಲ ಒರೆಸಿದರೆ ಸಾಕು. ನಾನು ಎಂಟು ಸಲ ಒರೆಸುತ್ತಿದ್ದೆ. ಮೊದಲ ದಿನ ನನ್ನನ್ನು ಕಂಡಾಗ ಅವಳು ನಕ್ಕ ನಗೆಗೆ ಕೆಮ್ಮು ಬಂದು ಲೂರ್ದಮ್ಮ ಓಡಿ ಬರಬೇಕಾಯಿತು.

"ಏ ನಿಂಗಾಜಿ, ಅಲ್ಲೇ ಎಷ್ಟು ಸತಿ ಉಜ್ತೀಯೆ? ನೆಲ ಸವೆದು ನಾನು ಮಂಚದ ಸಮೇತ ಕೆಳಕ್ಕೆ ಬಿದ್ದೋದೇನು."

"ಬಿದ್ರೆ ಎತ್ತಂಗಿಲ್ಲ ಕಣೆ. ನಿನ್ನ ಮುಟ್ಟಬಾರ್ದಂತೆ ನಾನು."

"ಮುಟ್ಟುದ್ರೆ ಏನಾದದು? ಸತ್ತೋಗ್ತೀನಾ?"

ಅವಳ ಪಕ್ಕದ ಕುರ್ಚಿಗೆ ಬರುತ್ತಿದ್ದವರು ವಿಶಾಲಾಕ್ಷಿ ಟೀಚರು, ನಿವೃತ್ತರು. ಬಿಳಿ ಸೀರೆ, ತೊಳೆದಿಟ್ಟ ಹಾಗೆ ಒಣಗಿದ ಕಾಲು. ಪಾಪ, ಒಳ್ಳೆಯ ಹೆಂಗಸು. ಹತ್ತರಿಂದ ಹನ್ನೆರಡರವರೆಗೆ ಜವನಮ್ಮನ ಕೈಯನ್ನು ತಮ್ಮ ಎರಡು ಕೈಯಲ್ಲಿಟ್ಟುಕೊಂಡು ನೀತಿಕತೆ ಹೇಳುತ್ತಿದ್ದರು. ಅವರು ಹೋದ ಮೇಲೆ ಜವನಮ್ಮ, "ಆಯಮ್ಮ ಒಂದೇ ನರಿ ಕತೆ ಮೂರು ಸತಿ ಹೇಳೌಳೆ ಕಣೆ. ನಾನು ಸಾಯಗಂಟ ಆ ನರಿಗೆ ಬುದ್ಧಿ ಬರಾಕಿಲ್ಲ" ಎನ್ನುತ್ತಿದ್ದಳು. ನಾನು ಮಂಚದ ಕೆಳಗೆ ಬಗ್ಗಿ ಒರೆಸುತ್ತ, ಶೆಡ್ಡಿನ ಸುದ್ದಿ ಹೇಳುತ್ತಿದ್ದೆ. ಯಾರು ಯಾರ ಜೊತೆ ಮಾತು ಬಿಟ್ಟರು, ಮೇಸ್ತ್ರಿಯ ಹೊಸ ಹಲ್ಲಿನ ಸೆಟ್ಟು ಊಟದ ಹೊತ್ತಿಗೆ ಹೇಗೆ ಕಳಚಿ ಬಿತ್ತು. ಬಗ್ಗಿದವಳ ಬೆನ್ನು ನೋಡಿಕೊಂಡೇ ಅವಳು ನಗುತ್ತಿದ್ದಳು.

ಎರಡನೆಯ ವಾರ ನೋವು ಹೆಚ್ಚಾಯಿತು. ಒಂದು ಮಧ್ಯಾಹ್ನ ಅವಳು ಹಲ್ಲು ಕಚ್ಚಿಕೊಂಡು ಹಾಸಿಗೆಯನ್ನು ಹಿಡಿದು ತಿರುಚುತ್ತಿದ್ದಳು. ಕುರ್ಚಿ ಖಾಲಿ ಇತ್ತು. ಲೂರ್ದಮ್ಮ ಮಾತ್ರೆ ಎಣಿಸುವವಳಂತೆ ಗೋಡೆಯ ಕಡೆ ತಿರುಗಿದಳು, ಬಹಳ ಹೊತ್ತು ತಿರುಗಿಯೇ ನಿಂತಿದ್ದಳು. ನಾನು ಕೋಲು ಬಿಟ್ಟು ಜವನಮ್ಮನ ಕೈ ಹಿಡಿದುಕೊಂಡೆ. ನೋವು ಇಳಿಯುವವರೆಗೂ ಹಿಡಿದಿದ್ದೆ. ಆದರೆ ಎದುರು ಮಂಚದ ಮುದುಕಿಯನ್ನು ನೋಡಲು ಬಂದಿದ್ದ ಸೊಸೆಗೆ ಕುರ್ಚಿಯ ಪಕ್ಕದ ಎರಡು ಒದ್ದೆ ಗುರುತು ಕಣ್ಣಿಗೆ ಬಿತ್ತು. ಒರೆಸಿದ ನೆಲವೆಲ್ಲ ಫ್ಯಾನಿನ ಗಾಳಿಗೆ ಒಣಗಿತ್ತು, ಆ ಎರಡು ಒಣಗಿರಲಿಲ್ಲ. ಸಂಜೆಯೊಳಗೆ ಉಸ್ತುವಾರಿಯವರು ಕರೆಸಿದರು. "ಇನ್ನೊಂದು ಸಲ ಮುಟ್ಟಿದ್ರೆ ಗೇಟಿನಾಚೆ. ಲೂರ್ದಮ್ಮನ ಕೆಲ್ಸವೂ ಹೋಗ್ತದೆ" ಎಂದರು. ಆ ಎರಡನೇ ಮಾತೇ ನನ್ನನ್ನು ಕಟ್ಟಿಹಾಕಿತು. ಲೂರ್ದಮ್ಮನಿಗೆ ಕಾಲೇಜು ಓದುವ ಇಬ್ಬರು ಹೆಣ್ಣುಮಕ್ಕಳಿದ್ದರು.

ಆಮೇಲೆ ನಾನು ಮಂಚದಿಂದ ಎರಡು ಮಾರು ದೂರದಲ್ಲೇ ಒರೆಸಿದೆ. ಜವನಮ್ಮನ ಕಣ್ಣು ಮಂಜಾಗತೊಡಗಿತು. ನನ್ನ ದನಿ ಕೇಳಿದ ಕಡೆ ಮುಖ ತಿರುಗಿಸುತ್ತಿದ್ದಳು. ನಾನು ನನ್ನಷ್ಟಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೆ. ಕೊನೆಯ ಹೊತ್ತು ಎಂದು ಗೊತ್ತಾದ ಕೂಡಲೇ ಬಕೆಟ್ಟು ಒದ್ದು ಹೋಗಿ ಹಿಡಿದುಕೊಳ್ಳುತ್ತೇನೆ. ಲೂರ್ದಮ್ಮನನ್ನು ಅಷ್ಟು ಹೊತ್ತು ಔಷಧಿಯ ಕೋಣೆಗೆ ಕಳಿಸಿರುತ್ತೇನೆ, ಅವಳು ನೋಡಲೇ ಇಲ್ಲ ಎಂದಾಗಲಿ. ಆಮೇಲೆ ನನ್ನನ್ನು ಗೇಟಿನಾಚೆ ಹಾಕಿದರೆ ಹಾಕಿಕೊಳ್ಳಲಿ. ಆದರೆ ಆ ಹೊತ್ತು ಯಾವುದೆಂದು ತಪ್ಪದೆ ತಿಳಿಯಬೇಕು. ಒಂದು ದಿನ ಮೊದಲೇ ಮುಟ್ಟಿದರೆ ಹೊರಗೆ ಹೋಗುವವಳು ನಾನು, ಮಾರನೆಯ ದಿನ ಒಬ್ಬಳೇ ಸಾಯುವವಳು ಅವಳು. ಬದುಕಿನಲ್ಲಿ ಎಲ್ಲವನ್ನೂ ಹೀಗೆ ಅಳೆದು ಸುರಿದೇ ಮಾಡಿದ್ದೇನೆ. ಇದನ್ನೂ ಹಾಗೇ ಮಾಡಿದೆ.

ಶುಕ್ರವಾರ ನೆರೆಯೂರಿನ ಸಮಿತಿಯವರು ಐದಾರು ಜನ ಆರೈಕೆ ಮನೆ ನೋಡಲು ಬಂದರು. ಅವರೂ ಇಂಥದೊಂದು ಕಟ್ಟಬೇಕೆಂದಿದ್ದರಂತೆ. ಅವರ ಜೊತೆ ತಮ್ಮ. ಬಿಳಿ ಪಂಚೆ, ಬಿಳಿ ಶರಟು. ಅಂದು ಅವನ ಸೇವೆಯ ದಿನವೂ ಆಗಿತ್ತು. ಹೆಜ್ಜೆ ನೋಡುವ ನಿಯಮವನ್ನು ಅವರಿಗೆ ವಿವರಿಸುತ್ತ ವಾರ್ಡಿನೊಳಗೆ ಬಂದ. ನಾನು ಮೂಲೆಗೆ ಸರಿದು ಕೋಲು ಹಿಡಿದು ನಿಂತೆ. ನನ್ನನ್ನು ನೋಡಿದ. ತಿಳಿದಿರಲಿಲ್ಲ ಅನ್ನಿಸುತ್ತದೆ, ಮಾತು ಅರ್ಧಕ್ಕೆ ನಿಂತು ಮುಂದುವರಿಯಿತು. ಕಿಟಕಿ ಪಕ್ಕದ ಕುರ್ಚಿ ಖಾಲಿ ಇತ್ತು. "ಈಗ ಈ ತಾಯಿಯನ್ನೇ ನೋಡಿ, ಇವರಿಗೆ ಯಾರೂ ಇಲ್ಲ" ಎಂದು ಹೇಳಿ ಕೂತ. ಜವನಮ್ಮನ ಕೈ ತೆಗೆದುಕೊಂಡ.

ಬೆಳಿಗ್ಗೆ ಅವಳು ಅರ್ಧ ಲೋಟ ಗಂಜಿ ಕುಡಿದಿದ್ದಳು. ಹಿಂದಿನ ದಿನಕ್ಕಿಂತ ವಾಸಿ ಎಂದು ಲೂರ್ದಮ್ಮನೇ ಹೇಳಿದ್ದಳು. ಹಾಗಾಗಿ ನಾನು ನಿಂತೇ ಇದ್ದೆ. ಜವನಮ್ಮ ಕಣ್ಣು ತೆರೆದಳು. ಆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

"ನಿಂಗಾಜಿ?" ಎಂದಳು.

ತಮ್ಮ ನನ್ನ ಕಡೆ ತಿರುಗಿದ. ನಾನು ಎರಡು ಮಾರು ದೂರದಲ್ಲಿದ್ದೆ. ಏಳು ಎಂದು ಕಣ್ಣಲ್ಲೇ ಹೇಳಿದೆ. ಅವನು ಎದ್ದು, ಬಾ ಅಕ್ಕ ಕೂತುಕೋ ಎಂದಿದ್ದರೆ ಅಲ್ಲಿ ಯಾರೂ ತಡೆಯುತ್ತಿರಲಿಲ್ಲ, ಅಧ್ಯಕ್ಷನ ಮಾತಿಗೆ ಎದುರಿರಲಿಲ್ಲ. ಅವನ ಹಿಂದೆ ಐದಾರು ಜನ ಕೈಕಟ್ಟಿಕೊಂಡು ನಿಂತಿದ್ದರು. ಅವನ ತುಟಿ ಅಲುಗಿತು. ಏಳಲಿಲ್ಲ.

"ನಿಂಗಾಜಿ, ಇದ್ದೀಯೇನೆ?"

"ಇದ್ದೀನಿ ಕಣೆ" ಎಂದೆ, ನಿಂತಲ್ಲಿಂದಲೇ.

ನನ್ನ ದನಿ ಕೇಳಿ ಅವಳು ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹೆಬ್ಬೆರಳಿನಿಂದ ಅವನ ಅಂಗೈಯನ್ನು ಸವರಿದಳು, ಏನನ್ನೋ ಹುಡುಕುವವಳ ಹಾಗೆ. ಇಪ್ಪತ್ತೇಳು ವರ್ಷ ಸೋಡದ ನೀರಿನಲ್ಲಿ ಅದ್ದಿದ ಕೈ ನನ್ನದು. ಗಾಜು ಕೊಯ್ದ ಗೆರೆಗಳು ಒಂದರ ಮೇಲೊಂದು. ಅವೆಲ್ಲ ಅವಳಿಗೆ ಗೊತ್ತು, ಅರ್ಧಕ್ಕೆ ಬಟ್ಟೆ ಕಟ್ಟಿದವಳೇ ಅವಳು.

"ನಿನ್ನ ಕೈ ಯಾಕೆ ಇಷ್ಟು ಮೆತ್ತಗಾಗದೆ?" ಎಂದಳು.

ತಮ್ಮ ತಲೆ ತಗ್ಗಿಸಿದ್ದ. "ಬಾಟ್ಲಿ ಕೆಲ್ಸ ಬಿಟ್ನಲ್ಲ ಕಣೆ. ಈಗ ಆರಾಮಾಗಿದ್ದೀನಿ. ತಮ್ಮನ ಮನೇಲಿ ಎಣ್ಣೆ ಹಚ್ಕೊಂಡು ಕೂತಿರ್ತೀನಿ" ಎಂದೆ.

"ಒಳಕ್ಕೆ ಕರ್ಕಂಡ್ನಾ?"

"ಕರ್ಕಂಡ. ಬಿಳೀ ಕಲ್ಲು ಹಾಕ್ಸೌನೆ. ಮನೆ ತುಂಬ ಓಡಾಡ್ಕೊಂಡಿದ್ದೀನಿ."

"ಆಗ್ಲಿ ಬಿಡು" ಎಂದಳು. "ಈಗ್ಲಾದ್ರೂ ಬುದ್ಧಿ ಬಂತು ಆ ನನ್ಮಗಂಗೆ." ಮುಖದಲ್ಲಿ ನಗೆ ಬಂತು. ಅವನ ಕೈಯನ್ನು ಎದೆಯ ಮೇಲೆಳೆದುಕೊಂಡಳು. ಉಸಿರು ಎರಡು ಸಲ ದೊಡ್ಡದಾಗಿ ಬಂತು. ಮೂರನೆಯದಕ್ಕೆ ಕಾದೆವು.

ಲೂರ್ದಮ್ಮ ನಾಡಿ ಹಿಡಿದು ನೋಡಿ ಗಡಿಯಾರ ನೋಡಿದಳು. ನೆರೆಯೂರಿನವರಲ್ಲೊಬ್ಬರು, "ಎಂಥ ಪುಣ್ಯವಂತೆ, ಕೊನೇ ಗಳಿಗೇಲಿ ಅಧ್ಯಕ್ಷರೇ ಪಕ್ಕದಲ್ಲಿದ್ರು" ಎಂದರು. ಅವರು ಹೊರಗೆ ಹೋದರು. ತಮ್ಮನಿಗೆ ಕೈ ಬಿಡಿಸಿಕೊಳ್ಳಲು ಆಗಲಿಲ್ಲ, ಅವಳ ಬೆರಳು ಅಷ್ಟು ಗಟ್ಟಿಯಾಗಿತ್ತು. ಲೂರ್ದಮ್ಮ ಒಂದೊಂದೇ ಬೆರಳು ಬಿಡಿಸಿದಳು. ಅವನು ಅಳುತ್ತಿದ್ದ. "ಅಕ್ಕ" ಎಂದ. "ಏನು?" ಎಂದೆ. ಅವನು ಬಿಡಿಸಿಕೊಂಡ ಕೈಯನ್ನೇ ನೋಡಿಕೊಂಡ.

ಆರೈಕೆ ಮನೆಯಲ್ಲಿ ಸತ್ತವರಿಗೊಂದು ಪುಸ್ತಕವಿದೆ. ಹೆಸರು, ಹೊತ್ತು, ಕೊನೆಯಲ್ಲಿ ಜೊತೆಗಿದ್ದವರು. ಲೂರ್ದಮ್ಮ ಮೊದಲ ಎರಡನ್ನು ಬರೆದು ಮೂರನೆಯದರಲ್ಲಿ ಪೆನ್ನು ಹಿಡಿದು ನಿಂತಳು. ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಅವಳು ಏನು ಬರೆಯಬೇಕೆಂದಿದ್ದಳೋ, ಬರೆದಿದ್ದರೆ ಅವಳ ಕೆಲಸ ಹೋಗುತ್ತಿತ್ತು.

"ಕೂತಿದ್ದೋರ ಹೆಸ್ರು ಬರಿಯಮ್ಮ" ಎಂದೆ.

ಅವಳು ಬರೆದು ಪುಸ್ತಕವನ್ನು ಅವನ ಮುಂದಿಟ್ಟಳು. "ಸಾರ್, ಇಲ್ಲಿ ಸಹಿ." ಅವನು ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡ. ಕೈಯನ್ನೂ ಒರೆಸಿಕೊಂಡ. ಆಮೇಲೆ ಪೆನ್ನು ತೆಗೆದುಕೊಂಡು ಪೂರ್ತಿ ಹೆಸರು ಬರೆದು ಸಹಿ ಹಾಕಿದ. ನಾನು ನೋಡುತ್ತಲೇ ಇದ್ದೆ. ಕೈ ನಡುಗಲಿಲ್ಲ.